ಮಗು ಬೇಕು ಅಂದುಕೊಂಡಿದ್ದೇವೆ. ಗಂಡಸರ ಕುಡಿತದ ಬಗ್ಗೆ ಯಾರೂ ಯಾಕೆ ಕೇಳುವುದಿಲ್ಲ?

ಡೊಂಬಿವಲಿ ಸೊಸೆ · ಭಾನುವಾರ, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮನೆಯವರು ಇನ್ನೂ ಎದ್ದಿಲ್ಲ, ಅದಕ್ಕೇ ಈಗ ಕೂತಿದ್ದೇನೆ.

ನನಗೆ 31, ಅವರಿಗೆ 35. ಮದುವೆಯಾಗಿ ಮೂರು ವರ್ಷ. ಊರು ಕುಂದಾಪುರದ ಹತ್ತಿರ. ಅವರು ಮುಲುಂಡಿನ ಒಂದು ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ, ಗಲ್ಲೆ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ 11ಕ್ಕೆ ಹೋದರೆ ಬರುವುದು ರಾತ್ರಿ 2 ಗಂಟೆಗೆ. ಗಿರಾಕಿಗಳೆಲ್ಲ ಹೋಗಿ ಲೆಕ್ಕ ಮುಗಿದ ಮೇಲೆ ಹುಡುಗರ ಜೊತೆ ಕೂತು ಮೂರು ಪೆಗ್ ತೆಗೆದುಕೊಳ್ಳುತ್ತಾರೆ. ಲಾರ್ಜ್. ಕೆಲವು ದಿನ ನಾಲ್ಕು. ಜಗಳ ಇಲ್ಲ, ಕೂಗಾಟ ಇಲ್ಲ. ಬಂದು ಕಾಲು ತೊಳೆದು ಸುಮ್ನೆ ಮಲಗುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಅದನ್ನು ಯಾರೂ ಕುಡಿತ ಅಂತ ಕರೆಯುವುದೇ ಇಲ್ಲ. "ದಣಿವಿಗೆ ಸ್ವಲ್ಪ" ಅಂತಾರೆ ಅತ್ತೆ.

ಈಗ ಮಗು ಬೇಕು ಅಂತ ಇಬ್ಬರೂ ಮನಸ್ಸು ಮಾಡಿದ್ದೇವೆ. ಅವತ್ತಿನಿಂದ ನನ್ನ ತಟ್ಟೆಗೆ ಕಾವಲು ಶುರುವಾಗಿದೆ. ಬೆಳಿಗ್ಗೆ ಎದ್ದ ತಕ್ಷಣ ಸಿಪ್ಪೆ ಸುಲಿದ ಏಳು ಬಾದಾಮಿ. ಪಪ್ಪಾಯಿ ಬೇಡ, ಅನಾನಸು ಬೇಡ, ರಾತ್ರಿ ಫೋನ್ ಬೇಡ. ಎಲ್ಲ ಪ್ರೀತಿಯಿಂದಲೇ ಹೇಳುತ್ತಾರೆ, ನನಗೆ ಅತ್ತೆಯ ಮೇಲೆ ಬೇಸರ ಇಲ್ಲ.

ಬೇಸರ ಆಗಿದ್ದು ಡಾಕ್ಟರ ಹತ್ತಿರ ಹೋದಾಗ. ಇಬ್ಬರೂ ಹೋಗಿದ್ದೆವು. ನನಗೆ ಕೇಳಿದ ಪ್ರಶ್ನೆಗಳನ್ನು ನಾನು ಎಣಿಸುತ್ತಾ ಇದ್ದೆ. ಹನ್ನೊಂದು. ತೂಕ, ಥೈರಾಯ್ಡ್, ನಿದ್ದೆ, ಟೆನ್ಶನ್, ಆಫೀಸಿನ ಕೆಲಸ ಎಷ್ಟು ಹೊತ್ತು, ಎಲ್ಲ. ಪಕ್ಕದಲ್ಲೇ ಕೂತಿದ್ದ ಅವರಿಗೆ ಒಂದೇ ಪ್ರಶ್ನೆ: "ನಿಮ್ಮದು ಏನೂ ತೊಂದರೆ ಇಲ್ಲ ಅಲ್ವಾ?" ಇಲ್ಲ ಅಂದರು. ಮುಗಿಯಿತು.

ನನ್ನ ಪ್ರಶ್ನೆ ಇಷ್ಟೇ. ಮಗು ಹೊಟ್ಟೆಯಲ್ಲಿ ನಿಲ್ಲುವ ಮೊದಲು ಗಂಡಸು ಕುಡಿದರೆ, ಅಥವಾ ಅವನ ತಲೆ ಮೇಲೆ ಒತ್ತಡ ಜಾಸ್ತಿ ಇದ್ದರೆ, ಅದು ಮಗುವಿಗೆ ತಟ್ಟುತ್ತದಾ? ಗೊತ್ತಿರುವವರು ಹೇಳಿ. ಹೆದರಿಸಬೇಡಿ, ಮುಚ್ಚಿಡಲೂ ಬೇಡಿ.

ಪುಣೆ ಲ್ಯಾಬ್ · ಭಾನುವಾರ, ಬೆಳಿಗ್ಗೆ 10:25

ತಂಗಿ, ನಾನು ಪುಣೆಯಲ್ಲಿ 14 ವರ್ಷದಿಂದ ವೀರ್ಯ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಮೂಲ ಧಾರವಾಡ. ನೀವು ಕೇಳಿದ ಪ್ರಶ್ನೆಯನ್ನು ನನ್ನ ಕಿಟಕಿಗೆ ಬರುವ ಗಂಡಸರು ಒಬ್ಬರೂ ಕೇಳುವುದಿಲ್ಲ. ರಿಪೋರ್ಟಿನಲ್ಲಿ ನಾರ್ಮಲ್ ಅಂತ ಇದೆಯಾ ಅಷ್ಟು ನೋಡಿ ಹೋಗುತ್ತಾರೆ.

ಮೊದಲು ಆ 'ನಾರ್ಮಲ್' ಅಂದರೆ ಏನು ಅಂತ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣು ಇದ್ದರೆ ಕೆಳಗಿನ ಮಿತಿ ದಾಟಿದ ಹಾಗೆ. ಅವುಗಳಲ್ಲಿ ನೂರಕ್ಕೆ 42 ಅಲುಗಾಡುತ್ತಿರಬೇಕು. ಆಕಾರ ಸರಿಯಿರುವುದು ನೂರಕ್ಕೆ 4 ಇದ್ದರೂ ಸಾಕು. ನಾನು ಗಾಜಿನ ಮೇಲೆ ಒಂದು ಹನಿ ಇಟ್ಟು ಮೈಕ್ರೋಸ್ಕೋಪಿನಲ್ಲಿ ಎಣಿಸುವುದು ಇಷ್ಟನ್ನೇ: ಎಷ್ಟಿವೆ, ಹೇಗೆ ಓಡುತ್ತಿವೆ, ತಲೆ ಬಾಲ ಹೇಗಿವೆ. ಒಳಗೆ ಏನು ಹೊತ್ತುಕೊಂಡು ಹೋಗುತ್ತಿವೆ ಅನ್ನುವುದು ನನ್ನ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಪ್ರಶ್ನೆ ಇರುವುದು ಆ ಒಳಗಿನದರ ಬಗ್ಗೆ.

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ವೃಷಣದ ಹಿಂದೆ ಸುರುಳಿ ಸುತ್ತಿಕೊಂಡ ಒಂದು ನಾಳ ಇದೆ, ಬಿಚ್ಚಿದರೆ ಸುಮಾರು 6 ಮೀಟರ್ ಉದ್ದ. ಅದರಲ್ಲಿ ಒಂದೆರಡು ವಾರ ಕಳೆದು ಪಕ್ವ ಆಗುತ್ತದೆ. ಒಟ್ಟು ಸುಮಾರು ಮೂರು ತಿಂಗಳು. ಅಂದರೆ ಇವತ್ತು ಹೊರಬರುವ ವೀರ್ಯಾಣು ನಿಮ್ಮ ಯಜಮಾನರ ಕಳೆದ ಮೂರು ತಿಂಗಳ ರಾತ್ರಿಗಳನ್ನೆಲ್ಲ ದಾಟಿ ಬಂದದ್ದು.

ಕುಡಿತ ಡಿಎನ್‌ಎಯ ಅಕ್ಷರಗಳನ್ನು ತಿದ್ದಬೇಕು ಅಂತಿಲ್ಲ. ಅದರ ಮೇಲಿನ ಗುರುತುಗಳನ್ನು ಬದಲಿಸುತ್ತದೆ. ಹೋಟೆಲಿನ ಬೋರ್ಡು ನಿಮಗೆ ಗೊತ್ತಲ್ಲ. ತಿಂಡಿಗಳ ಪಟ್ಟಿ ವರ್ಷಗಟ್ಟಲೆ ಒಂದೇ. ಆದರೆ ಇವತ್ತು ಯಾವುದು ಇದೆ, ಯಾವುದು ಇಲ್ಲ ಅಂತ ಪಕ್ಕದಲ್ಲಿ ಸೀಮೆಸುಣ್ಣದ ಗುರುತು ಇರುತ್ತದೆ. ಹಾಗೇ ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನುವ ಗುರುತುಗಳಿವೆ. ಇದನ್ನು ಓದುವ ಶಾಸ್ತ್ರಕ್ಕೆ ಎಪಿಜೆನೆಟಿಕ್ಸ್ ಅನ್ನುತ್ತಾರೆ. ಜೊತೆಗೆ ವೀರ್ಯಾಣುವಿನಲ್ಲಿ ಮೈಕ್ರೋ ಆರ್‌ಎನ್‌ಎ ಅನ್ನುವ ಸಣ್ಣ ಸಣ್ಣ ತುಣುಕುಗಳೂ ಅಂಡದ ಒಳಗೆ ಹೋಗುತ್ತವೆ.

ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಗೋಲ್ಡಿಂಗ್ ಅವರ ತಂಡ ಇಲಿಗಳ ಮೇಲೆ ಇದನ್ನು ವರ್ಷಗಟ್ಟಲೆ ನೋಡಿದೆ. ಗಂಡು ಇಲಿಗೆ ಮಾತ್ರ ಮದ್ಯ ಕೊಟ್ಟರು, ಹೆಣ್ಣಿಗೆ ಇಲ್ಲ. ಆದರೂ ಮರಿಗಳ ಮುಖದ ಮೂಳೆಯ ಬೆಳವಣಿಗೆಯಲ್ಲಿ ವ್ಯತ್ಯಾಸ ಕಂಡಿತು, ಮರಿಗೆ ಆಹಾರ ಒದಗಿಸುವ ಮಾಸಿನಲ್ಲೂ (ಪ್ಲಾಸೆಂಟಾ) ಕಂಡಿತು. ಅಪ್ಪ ಅಮ್ಮ ಇಬ್ಬರೂ ಕುಡಿದಾಗ ಇನ್ನೂ ಜಾಸ್ತಿ. ಕುಡಿತ ಬಿಡಿಸಿ ಒಂದು ತಿಂಗಳಾದ ಮೇಲೂ ಗಂಡು ಇಲಿಯ ವೀರ್ಯಾಣುವಿನಲ್ಲಿ ಗುರುತು ಉಳಿದಿತ್ತು.

ನಿಮ್ಮ ಲೆಕ್ಕಕ್ಕೆ ಇನ್ನೊಂದು. ಲಾರ್ಜ್ ಅಂದರೆ 60 ಮಿಲಿ. ಮೂರು ಅಂದರೆ 180, ಪೂರ್ತಿ ಒಂದು ಕ್ವಾರ್ಟರ್. ಶುದ್ಧ ಮದ್ಯಸಾರ ಸುಮಾರು 60 ಗ್ರಾಂ. 10 ಗ್ರಾಮಿಗೆ ಒಂದು ಡ್ರಿಂಕ್ ಅಂತ ಎಣಿಸಿದರೆ ದಿನಾ ಆರು ಡ್ರಿಂಕ್. ಇದು 'ಸ್ವಲ್ಪ' ಅಲ್ಲ ತಂಗಿ. ಅವರು ಒಳ್ಳೆಯ ಮನುಷ್ಯ ಅನ್ನುವುದರಿಂದ ಗ್ರಾಂ ಕಡಿಮೆ ಆಗುವುದಿಲ್ಲ.

ವಾಶಿ ಮೇಷ್ಟ್ರು · ಭಾನುವಾರ, ಮಧ್ಯಾಹ್ನ 12:40

ಬಯಾಲಜಿ ಪಾಠ ಮಾಡಿ ನಿವೃತ್ತನಾದವನು ನಾನು. ಪುಣೆಯವರು ಹೇಳಿದ್ದು ತಪ್ಪು ಅಂತ ಹೇಳುತ್ತಿಲ್ಲ. ಆದರೆ ಎರಡು ಮಾತು ಸೇರಿಸದೆ ಬಿಟ್ಟರೆ ಆ ಹುಡುಗಿಗೆ ಅನ್ಯಾಯ ಆಗುತ್ತದೆ.

ಮೊದಲನೆಯದು, ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ ಆ ಸೀಮೆಸುಣ್ಣದ ಗುರುತುಗಳಲ್ಲಿ ಬಹುಪಾಲು ಅಳಿಸಿಹೋಗಿ ಹೊಸದಾಗಿ ಬರೆಯಲ್ಪಡುತ್ತವೆ. ಯಾವುದು ಉಳಿಯುತ್ತದೆ, ಹೇಗೆ ಉಳಿಯುತ್ತದೆ ಅನ್ನುವ ಚರ್ಚೆ ಮುಗಿದಿಲ್ಲ. ಎರಡನೆಯದು, ಇಲಿಯನ್ನು ಪಂಜರದಲ್ಲಿಟ್ಟು ಪ್ರಯೋಗ ಮಾಡಬಹುದು, ಮನುಷ್ಯನನ್ನು ಮಾಡಲಾಗುವುದಿಲ್ಲ. ಗರ್ಭಕ್ಕೆ ಮೊದಲು ಕುಡಿಯುವ ಅಪ್ಪ ಆಮೇಲೂ ಕುಡಿಯುತ್ತಾನೆ. ಮನೆಯಲ್ಲಿ ದುಡ್ಡಿರುವುದಿಲ್ಲ, ನಿದ್ದೆ ಇರುವುದಿಲ್ಲ, ತಾಯಿ ಹೆದರಿಕೊಂಡಿರುತ್ತಾಳೆ. ಮಗುವಿಗೆ ಆದದ್ದು ಇದರಲ್ಲಿ ಯಾವುದರಿಂದ? ಹೇಗೆ ಬೇರ್ಪಡಿಸುತ್ತೀರಿ?

ಪುಣೆ ಲ್ಯಾಬ್ · ಭಾನುವಾರ, ಮಧ್ಯಾಹ್ನ 2:05

ಮೇಷ್ಟ್ರೇ, ಒಪ್ಪಿದೆ. ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ.

ಮನುಷ್ಯರಲ್ಲಿ ನೋಡಿದ ದೊಡ್ಡದೊಂದಿದೆ. ಚೀನಾದಲ್ಲಿ ಗರ್ಭಕ್ಕೆ ಮೊದಲೇ ದಂಪತಿಗಳನ್ನು ತಪಾಸಣೆ ಮಾಡುವ ಸರ್ಕಾರಿ ಯೋಜನೆ ಇದೆ. ಅಲ್ಲಿನ 5 ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿ ತೆಗೆದು 2021ರಲ್ಲಿ ಪ್ರಕಟಿಸಿದರು. ಗರ್ಭಕ್ಕೆ ಮೊದಲು ಅಪ್ಪ ಕುಡಿಯುತ್ತಿದ್ದ ಕಡೆ ಮಗುವಿಗೆ ಹುಟ್ಟು ದೋಷ ಬರುವ ಸಾಧ್ಯತೆ ಸುಮಾರು 35 ಶೇಕಡಾ ಜಾಸ್ತಿ ಇತ್ತು. ಸೀಳು ತುಟಿಯಂಥದ್ದು ಇನ್ನೂ ಸ್ವಲ್ಪ ಹೆಚ್ಚು, ಒಂದೂವರೆ ಪಟ್ಟು.

ತಂಗಿ, 35 ಅನ್ನುವುದನ್ನು ನೋಡಿ ಗಾಬರಿ ಆಗಬೇಡಿ. ನೂರರಲ್ಲಿ 35 ಮಕ್ಕಳಿಗೆ ಆಗುತ್ತದೆ ಅಂತ ಅಲ್ಲ. ಲೆಕ್ಕಕ್ಕೆ ಸಾವಿರಕ್ಕೆ 2 ಆಗುವ ಕಡೆ 2.7 ಆಗುತ್ತದೆ ಅಂದುಕೊಳ್ಳಿ. ಬಹುಪಾಲು ಕುಡಿಯುವವರ ಮಕ್ಕಳು ಸರಿಯಾಗಿಯೇ ಹುಟ್ಟುತ್ತಾರೆ. ಆದರೆ ಬಿಟ್ಟರೆ ತಪ್ಪಿಸಬಹುದಾದ 0.7 ಅದು. ಮೂರು ತಿಂಗಳು ಬಿಡುವುದರಿಂದ ಯಾರಿಗೂ ನಷ್ಟ ಇಲ್ಲ ಅಲ್ವಾ? ಪುರಾವೆ ಪೂರ್ತಿ ಬರಲಿ ಅಂತ ಕಾಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ವಾಶಿ ಮೇಷ್ಟ್ರು · ಭಾನುವಾರ, ಮಧ್ಯಾಹ್ನ 2:20

ಆ ಮಾತಿಗೆ ನನ್ನದೂ ಸಹಿ.

ಅಂಧೇರಿ ಕ್ಯಾಪ್ಟನ್ · ಸೋಮವಾರ, ರಾತ್ರಿ 1:50

ಈಗ ಡ್ಯೂಟಿ ಮುಗಿಸಿ ಬಂದೆ. ಎಲ್ಲ ಓದಿದೆ. ಸ್ವಲ್ಪ ಬೇಜಾರಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ನಾನು 16ನೇ ವಯಸ್ಸಿಗೆ ಹೆಬ್ರಿಯಿಂದ ಬಂದವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವನು. ಈಗ ಬಾರಿನಲ್ಲಿ ಕ್ಯಾಪ್ಟನ್. 11ರಿಂದ 4, ಮತ್ತೆ 6ರಿಂದ 1. ಮಧ್ಯದ ಎರಡು ಗಂಟೆ ಮೇಲಿನ ಕೋಣೆಯಲ್ಲಿ ಎಂಟು ಜನ ಮಲಗುತ್ತೇವೆ. ವರ್ಷಕ್ಕೆ ಒಮ್ಮೆ ಊರು. ತಂಗಿ ಮದುವೆಯ ಸಾಲ, ಅಮ್ಮನ ಮಂಡಿ ನೋವು, ಗಿರಾಕಿಯ ಬೈಗುಳ, ಶೆಟ್ರ ಬೈಗುಳ. ಏಳು ಗಂಟೆ ನಿಂತು ಬೇರೆಯವರಿಗೆ ಸುರಿದ ಮೇಲೆ ಕಾಲು ಮರದ ತುಂಡಿನ ಹಾಗೆ ಆಗಿರುತ್ತದೆ. ಆಗ ಗ್ಲಾಸು ಕೈಗೆ ಬರುತ್ತದೆ. ದುಡ್ಡು ಕೊಡಬೇಕಾಗಿಯೂ ಇಲ್ಲ, ಬಾಟ್ಲಿಯ ತಳದಲ್ಲಿ ಉಳಿದದ್ದು ಇರುತ್ತದೆ.

ಬಿಡಬೇಕು ಅನ್ನುವುದು ಸರಿ. ಆದರೆ ಅಣ್ಣ ಕುಡಿಯುವುದು ಯಾಕೆ ಅಂತಲೂ ಕೇಳಿ ಅಕ್ಕ. ಒತ್ತಡದ ಬಗ್ಗೆ ನೀವೂ ಕೇಳಿದ್ದಿರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಪುಣೆ ಲ್ಯಾಬ್ · ಸೋಮವಾರ, ಬೆಳಿಗ್ಗೆ 8:00

ತಮ್ಮಾ, ನಿಮ್ಮ ಮಾತು ನಿಜ. ತಪ್ಪು ನನ್ನದು, ಕುಡಿತದ ಬಗ್ಗೆ ಬರೆದು ಒತ್ತಡ ಬಿಟ್ಟೆ.

ಟ್ರೇಸಿ ಬೇಲ್ ಅನ್ನುವ ವಿಜ್ಞಾನಿಯ ತಂಡ 2013ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಗಂಡು ಇಲಿಗಳಿಗೆ ಆರು ವಾರ ದಿನಾ ಸಣ್ಣ ಸಣ್ಣ ಕಿರಿಕಿರಿ ಕೊಟ್ಟರು. ಒಂದು ದಿನ ಒದ್ದೆ ಹಾಸಿಗೆ, ಒಂದು ದಿನ ರಾತ್ರಿಯಿಡೀ ದೀಪ, ಒಂದು ದಿನ ಸದ್ದು. ಹೊಡೆತ ಇಲ್ಲ, ಉಪವಾಸ ಇಲ್ಲ. ಆಮೇಲೆ ಆರಾಮಾಗಿರುವ ಹೆಣ್ಣಿನ ಜೊತೆ ಬಿಟ್ಟರು. ಹುಟ್ಟಿದ ಮರಿಗಳಿಗೆ ಗಾಬರಿ ಬಂದಾಗ ದೇಹದಲ್ಲಿ ಏರಬೇಕಾದ ಹಾರ್ಮೋನು ಸರಿಯಾಗಿ ಏರುತ್ತಿರಲಿಲ್ಲ, ಮಂಕಾಗಿತ್ತು. ಅಪ್ಪಂದಿರ ವೀರ್ಯಾಣುವಿನಲ್ಲಿ 9 ಮೈಕ್ರೋ ಆರ್‌ಎನ್‌ಎಗಳು ಜಾಸ್ತಿಯಾಗಿದ್ದವು. 2015ರಲ್ಲಿ ಅದೇ ತಂಡ ಆ 9ನ್ನು ಒತ್ತಡವೇ ಇಲ್ಲದ ಇಲಿಯ ಆಗಷ್ಟೇ ಗರ್ಭ ಕಟ್ಟಿದ ಅಂಡಕ್ಕೆ ಸೂಜಿಯಿಂದ ಹಾಕಿತು. ಮರಿಗಳು ಅದೇ ರೀತಿ ಆದವು.

ನಿಮ್ಮ ಮೇಲಿನ ಕೋಣೆಯಲ್ಲಿ ಎಂಟು ಜನ ಮಲಗುವುದು ಓದಿದಾಗ ನನಗೆ ಆ ಒದ್ದೆ ಹಾಸಿಗೆ, ಆರಿಸದ ದೀಪ ನೆನಪಾಯಿತು. ಇಲಿಯಲ್ಲಿ ಆದದ್ದೆಲ್ಲ ಮನುಷ್ಯನಲ್ಲಿ ಆಗುತ್ತದೆ ಅಂತ ಹೇಳುವುದಿಲ್ಲ. ಆದರೆ ನಿದ್ದೆ, ರಜೆ, ಕೆಲಸದ ಗಂಟೆ, ಇವೆಲ್ಲ ಹುಟ್ಟಲಿರುವ ಮಗುವಿನ ವಿಷಯವೂ ಹೌದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಡೊಂಬಿವಲಿ ಸೊಸೆ · ಸೋಮವಾರ, ಮಧ್ಯಾಹ್ನ 1:15

ಕ್ಯಾಪ್ಟನ್ ಅಣ್ಣ, ನಿಮ್ಮ ಮಾತು ಓದಿ ಆಫೀಸಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಇವರೂ ಒಮ್ಮೆ ಹೇಳಿದ್ದರು, "ಗಲ್ಲೆಯಲ್ಲಿ ದಿನಾ 300 ಜನರ ಮುಖ ನೋಡುತ್ತೇನೆ, ಒಬ್ಬರೂ ನನ್ನ ಮುಖ ನೋಡುವುದಿಲ್ಲ" ಅಂತ. ನಾನು ಆವತ್ತು ಆ ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಹೆಂಗಸರ ಒತ್ತಡಕ್ಕೂ ಹೀಗೇ ಏನಾದರೂ ಇದೆಯಾ? ತಿಂಗಳು ತಿಂಗಳು ಅತ್ತೆ ಕ್ಯಾಲೆಂಡರ್ ಮುಂದೆ ನಿಂತು "ಈ ಸಲಾನೂ ಇಲ್ವಾ?" ಅನ್ನುವಾಗ ನನ್ನ ಎದೆ ಡವ ಡವ ಅನ್ನುತ್ತದೆ.

ಠಾಣೆ ನರ್ಸಕ್ಕ · ಸೋಮವಾರ, ರಾತ್ರಿ 9:30

ಇದೆ ಮಗಾ. ಸ್ವೀಡನ್ನಿನಲ್ಲಿ ಲಕ್ಷಾಂತರ ಹೆರಿಗೆಗಳ ದಾಖಲೆ ನೋಡಿದ್ದಾರೆ. ಗರ್ಭ ನಿಲ್ಲುವ ಮೊದಲಿನ ಆರು ತಿಂಗಳಲ್ಲಿ ಹತ್ತಿರದವರನ್ನು ಕಳೆದುಕೊಂಡ ತಾಯಂದಿರ ಮಕ್ಕಳಲ್ಲಿ ಅಪಾಯ ಸ್ವಲ್ಪ ಹೆಚ್ಚು ಕಂಡಿತು. ಆದರೆ ಅದು ಸಾವಿನಂಥ ದೊಡ್ಡ ದುಃಖ. ಅತ್ತೆಯ ಪ್ರಶ್ನೆಗೆ ಎದೆ ಡವಗುಟ್ಟಿದರೆ ಮಗುವಿಗೆ ಏನೋ ಆಯಿತು ಅಂತ ಖಂಡಿತ ಅಂದುಕೊಳ್ಳಬೇಡ. 'ಟೆನ್ಶನ್ ಮಾಡಿಕೊಳ್ಳಬೇಡ' ಅಂತ ಹೇಳಿ ಹೇಳಿಯೇ ನಾವು ಹುಡುಗಿಯರಿಗೆ ಟೆನ್ಶನ್ ಮಾಡಿಡುತ್ತೇವೆ. ಆ ಕ್ಯಾಲೆಂಡರನ್ನು ಅಡುಗೆಮನೆಯಿಂದ ತೆಗೆದು ನಿಮ್ಮ ಕೋಣೆಯಲ್ಲಿ ಹಾಕಿಕೋ, ಅಷ್ಟು ಸಾಕು.

ನಾನು 22 ವರ್ಷ ನರ್ಸ್, ಅದರಲ್ಲಿ ಒಂಬತ್ತು ವರ್ಷ ವ್ಯಸನ ಬಿಡಿಸುವ ವಾರ್ಡಿನಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ದಾಟಿದ ಗಂಡಸರಲ್ಲಿ ನೂರಕ್ಕೆ 19 ಮಂದಿ ಕುಡಿಯುತ್ತೇವೆ ಅಂದಿದ್ದಾರೆ, ಹೆಂಗಸರಲ್ಲಿ ಒಬ್ಬರು. ಗೋವಾದಲ್ಲಿ ಗಂಡಸರ ಲೆಕ್ಕ ಸುಮಾರು 37. ಹಾಗಿದ್ದ ಮೇಲೆ ಮಗುವಿನ ಮಾತು ಬಂದಾಗ ಕುಡಿತದ ಪ್ರಶ್ನೆ ಮೊದಲು ಯಾರಿಗೆ ಕೇಳಬೇಕು? ನೀನು ಕೇಳಿದ್ದು ಸರಿಯಾದ ಪ್ರಶ್ನೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಎಲ್ಲರೂ ಓದಿ. ದಿನಾ ಜಾಸ್ತಿ ಕುಡಿಯುವವರು ಯಾರದೋ ಮಾತು ಕೇಳಿ ಇವತ್ತಿನಿಂದಲೇ ಪೂರ್ತಿ ಬಿಡುತ್ತೇನೆ ಅಂತ ಮನೆಯಲ್ಲಿ ಕೂರಬಾರದು. ಬೆಳಿಗ್ಗೆ ಕೈ ನಡುಗುತ್ತದಾ? ಬೆವರುತ್ತದಾ? ಕುಡಿದ ಮೇಲೇ ನಡುಕ ನಿಲ್ಲುತ್ತದಾ? ಹಾಗಿದ್ದರೆ ಡಾಕ್ಟರ ಮುಂದೆಯೇ ಬಿಡಬೇಕು. ಬಿಟ್ಟ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಬಹುದು, ಜೀವಕ್ಕೂ ಅಪಾಯ. ಇದಕ್ಕೆ ಔಷಧಿ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲೂ ಸಿಗುತ್ತದೆ. ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ವ್ಯಸನಕ್ಕೇ ಅಂತ 14446 ಇದೆ.

ಬೈನಾ ಕಾಕಾ · ಮಂಗಳವಾರ, ಬೆಳಿಗ್ಗೆ 5:45

ನಾನು ಗೋವಾದ ವಾಸ್ಕೋದಾಗ ಇರ್ತೀನಿ. ಬಾಗಲಕೋಟೆ ಕಡೆಯವನು. ಬಂದರಿನಲ್ಲಿ ಲೋಡಿಂಗ್ ಕೆಲಸ. ಬರೆಯುವುದು ರೂಢಿ ಇಲ್ಲ, ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ.

ನಮ್ಮಪ್ಪ ಕುಡಿಯುತ್ತಿದ್ದ. ನಾನೂ ಕುಡಿದೆ. ಇಲ್ಲಿ ಫೆನ್ನಿ ಅಗ್ಗ, ಮಾರ್ಚ್ ಬಂತೆಂದರೆ ಗೋಡಂಬಿ ಹಣ್ಣಿನ ಮದ್ಯ ಉರ್ರಾಕ್ ಶುರು. ಬೆಳಿಗ್ಗೆ ಆರಕ್ಕೆ ಶಿಫ್ಟಿಗೆ ಹೋಗುವ ಮೊದಲು ಒಂದು ನೈಂಟಿ, ಬಂದ ಮೇಲೆ ಕ್ವಾರ್ಟರ್. ದೊಡ್ಡ ಮಗ 2007ರಲ್ಲಿ ಹುಟ್ಟಿದ. ಅವನು ಸಣ್ಣವನಿದ್ದಾಗ ನಾನು ಎಸೆದ ಬಾಟ್ಲಿ ಮುಚ್ಚಳಗಳನ್ನು ಆರಿಸಿ ತಂದು ಸಾಲಾಗಿ ನಿಲ್ಲಿಸುತ್ತಿದ್ದ. ಅದು ಅವನ ಕದಂಬ ಬಸ್ಸು. "ಅಪ್ಪಾ, ಇವತ್ತು ನನ್ನ ಬಸ್ಸಿಗೆ ಇನ್ನೊಂದು ಗಾಲಿ ಬಂತು" ಅಂತ ಖುಷಿಯಿಂದ ತೋರಿಸುತ್ತಿದ್ದ. ಆ ಸಾಲು ಮೋರಿಯಿಂದ ಬಾಗಿಲ ತನಕ ಬಂದಿತ್ತು. ಅದನ್ನು ನೋಡಿ ನನಗೆ ಏನೋ ಆಯಿತು. 2014ರಲ್ಲಿ ಸರ್ಕಾರಿ ದವಾಖಾನೆಯ ಒಬ್ಬರು ಕೂರಿಸಿ ಮಾತಾಡಿಸಿದರು, ಬಿಟ್ಟೆ. ಮೂರು ಸಲ ಜಾರಿ ಬಿದ್ದು ನಾಲ್ಕನೇ ಸಲ ನಿಂತಿತು.

ಮಗಳು ಹುಟ್ಟಿದ್ದು ಆಮೇಲೆ. ಅವಳು ಕೂತರೆ ಕೂತಲ್ಲೇ ಓದುತ್ತಾಳೆ. ಮಗನಿಗೆ ಹತ್ತು ನಿಮಿಷ ಕೂರಲು ಆಗಲಿಲ್ಲ ಎಂದೂ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟ. ಸಿಟ್ಟು ಬಹಳ. ಪುಣೆಯವರು ಬರೆದದ್ದನ್ನು ನಿನ್ನೆ ರಾತ್ರಿ ಓದಿಸಿಕೊಂಡೆ. ನಿದ್ದೆ ಬರಲಿಲ್ಲ. ನನ್ನ ಹುಡುಗನಿಗೆ ಹೀಗಾಗಿದ್ದು ನನ್ನ ಕುಡಿತದಿಂದಲೇ ಏನು? ನೇರ ಹೇಳಿ.

ಠಾಣೆ ನರ್ಸಕ್ಕ · ಮಂಗಳವಾರ, ಬೆಳಿಗ್ಗೆ 7:20

ಅಣ್ಣಾ, ಮೊದಲು ನಮಸ್ಕಾರ. ನಾಲ್ಕನೇ ಸಲಕ್ಕೆ ನಿಂತವರು ನೀವು.

ನೇರ ಹೇಳುತ್ತೇನೆ. ಒಬ್ಬ ಹುಡುಗನನ್ನು ನೋಡಿ ಇವನಿಗೆ ಹೀಗಾಗಿದ್ದು ಇದರಿಂದಲೇ ಅಂತ ಹೇಳುವ ಪರೀಕ್ಷೆ ಯಾರ ಹತ್ತಿರವೂ ಇಲ್ಲ. ಕುಡಿತದ ಚಟದಲ್ಲಿ ವಂಶದ ಪಾಲು ಹೆಚ್ಚುಕಡಿಮೆ ಅರ್ಧ ಅಂತ ಅವಳಿಮಕ್ಕಳ ಅಧ್ಯಯನಗಳು ಹೇಳುತ್ತವೆ. ನಿಮ್ಮಪ್ಪನಿಂದ ನಿಮಗೆ ಬಂದದ್ದನ್ನು ನೀವು ಆರಿಸಿಕೊಂಡಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಕುಡಿಯುವ ಅಪ್ಪಂದಿರ ಗಂಡುಮಕ್ಕಳನ್ನು, ಆ ಮಕ್ಕಳು ಇನ್ನೂ ಕುಡಿತ ಮುಟ್ಟುವ ಮೊದಲೇ ಪರೀಕ್ಷಿಸಿದ್ದಾರೆ. ಕೆಲವರ ಮೆದುಳಿನಲ್ಲಿ ವ್ಯತ್ಯಾಸ ಇತ್ತು, ಚಂಚಲತೆ, ದುಡುಕು ಜಾಸ್ತಿ ಇತ್ತು. ಅದು ಬೀಜದಿಂದಲೋ, ವಂಶದಿಂದಲೋ, ಮನೆಯ ವಾತಾವರಣದಿಂದಲೋ ಅಂತ ಪೂರ್ತಿ ಬಿಡಿಸಲು ಆಗುವುದಿಲ್ಲ. ಮೂರೂ ಹೆಣೆದುಕೊಂಡಿರುತ್ತವೆ.

ಇನ್ನೊಂದು ಮಾತು. ಎಂದೂ ಕುಡಿಯದವರ ಮಕ್ಕಳಲ್ಲೂ ಕೂರಲಾಗದವರು ಬೇಕಾದಷ್ಟಿದ್ದಾರೆ. ನಿಮ್ಮ ಹುಡುಗನನ್ನು ಒಮ್ಮೆ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಗಮನ ನಿಲ್ಲದ ತೊಂದರೆ ಇದ್ದರೆ 18ರಲ್ಲೂ ಗೊತ್ತಾಗುತ್ತದೆ, ಚಿಕಿತ್ಸೆ ಇದೆ. ಅವನು ಸೋಮಾರಿ ಅಲ್ಲ ಅಂತ ಅವನಿಗೇ ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ನೀವು ಹೇಳಿದ ದವಾಖಾನೆಯ ವಿಷಯ ಬೇರೆಯವರಿಗೂ ಹೇಳಬೇಕು. ಗೋವಾದ ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಕುಡಿತದ ತೊಂದರೆ ಇರುವ ಗಂಡಸರಿಗೆ ಮಾತಿನ ಚಿಕಿತ್ಸೆ ಕೊಟ್ಟು ನೋಡಿದರು. ಮಾತಾಡಿಸಿದವರು ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಹೆಚ್ಚೆಂದರೆ ನಾಲ್ಕು ಭೇಟಿ. ಮೂರು ತಿಂಗಳಲ್ಲಿ ನೂರಕ್ಕೆ 36 ಜನರ ಕುಡಿತ ಅಪಾಯದ ಗೆರೆಯಿಂದ ಕೆಳಗೆ ಬಂತು, ಬರೀ ಮಾಮೂಲಿ ಆರೈಕೆ ಸಿಕ್ಕವರಲ್ಲಿ 26. 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪುಣೆಯಲ್ಲಿ 1986ರಿಂದ ಮುಕ್ತಾಂಗಣ ಅನ್ನುವ ವ್ಯಸನ ಬಿಡಿಸುವ ಕೇಂದ್ರ ಇದೆ, ಅಲ್ಲಿ ಹೆಂಡತಿಯರಿಗೇ ಅಂತ ಸಹಚರಿ ಗುಂಪು ಇದೆ.

ಬೈನಾ ಕಾಕಾ · ಮಂಗಳವಾರ, ರಾತ್ರಿ 8:10

ಮಗನಿಗೆ ತೋರಿಸಿದೆ. ಓದಿ ಏನೂ ಅನ್ನಲಿಲ್ಲ. ಊಟಕ್ಕೆ ನನ್ನ ಪಕ್ಕ ಕೂತ. ಶನಿವಾರ ಹೋಗುತ್ತೇವೆ.

ಹಿಂಜವಡಿ ಹುಡುಗಿ · ಬುಧವಾರ, ರಾತ್ರಿ 11:55

ಹೆಸರು ಮರೆ ಮಾಡಿ ಬರೆಯುತ್ತಿದ್ದೇನೆ. ನಾನು ಐಟಿ. ಇವತ್ತು ಬೆಳಿಗ್ಗೆ ಟೆಸ್ಟ್ ಮಾಡಿದೆ, ಎರಡು ಗೆರೆ ಬಂತು. ಐದು ವಾರ ಆಗಿರಬೇಕು. ಖುಷಿ ಪಡುವ ಬದಲು ಅಳುತ್ತಾ ಕೂತಿದ್ದೇನೆ. ಹತ್ತು ದಿನದ ಹಿಂದೆ ಟೀಮ್ ಪಾರ್ಟಿಯಲ್ಲಿ ಮೂರು ಗ್ಲಾಸ್ ವೈನ್ ಕುಡಿದೆ. ಅದಕ್ಕೂ ಹಿಂದಿನ ವಾರ ಬಿಯರ್. ಗೊತ್ತಿರಲಿಲ್ಲ. ಗಂಡನಿಗೆ ಮಾತ್ರ ಗೊತ್ತು. ಅಮ್ಮನಿಗೆ ಹೇಳಲು ಆಗುವುದಿಲ್ಲ. ಏನು ಮಾಡಲಿ?

ಠಾಣೆ ನರ್ಸಕ್ಕ · ಗುರುವಾರ, ರಾತ್ರಿ 12:20

ಕಣ್ಣು ಒರೆಸಿಕೋ ಮಗಾ. ಇವತ್ತಿನಿಂದ ಒಂದು ಹನಿಯೂ ಬೇಡ. ಫೋಲಿಕ್ ಆಸಿಡ್ ಶುರು ಮಾಡಿದ್ದೀಯಾ? ಇಲ್ಲದಿದ್ದರೆ ನಾಳೆಯೇ, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸಿರು ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಇದನ್ನು ಮೊದಲೇ ಶುರು ಮಾಡಿ ಅಂತ ಎಲ್ಲರಿಗೂ ಹೇಳುವುದು.

ಡಾಕ್ಟರಿಗೆ ನಿಜ ಹೇಳು. ಎಷ್ಟು, ಯಾವತ್ತು, ಎಲ್ಲ. ಬೈದರೆ ಬೇರೆ ಡಾಕ್ಟರ್ ನೋಡೋಣ, ನಾನು ಹುಡುಕಿಕೊಡುತ್ತೇನೆ.

ನೀನು ಹೇಗೂ ಇಂಟರ್ನೆಟ್ಟಿನಲ್ಲಿ ಹುಡುಕುತ್ತೀಯ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ತಾಯಿಯ ಕುಡಿತದಿಂದ ಮಗುವಿಗೆ ಆಗುವ ತೊಂದರೆಯನ್ನು 1968ರಲ್ಲಿ ಫ್ರಾನ್ಸಿನ ಡಾಕ್ಟರ್ ಲೆಮ್ವಾನ್, 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜೋನ್ಸ್ ಮತ್ತು ಸ್ಮಿತ್ ಬರೆದಿಟ್ಟರು. ಸಣ್ಣ ಕಣ್ಣು, ತೆಳು ಮೇಲ್ದುಟಿ, ಮೂಗಿನ ಕೆಳಗಿನ ಗುಳಿ ಇಲ್ಲದಿರುವುದು, ಕಲಿಕೆ ಕಷ್ಟ. ಅವರು ನೋಡಿದ್ದು ಬಸಿರಿನುದ್ದಕ್ಕೂ ವಿಪರೀತ ಕುಡಿದ ತಾಯಂದಿರ ಮಕ್ಕಳನ್ನು. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವ ಗೆರೆ ಯಾರೂ ಎಳೆದಿಲ್ಲ, ಅದಕ್ಕೇ ಒಂದು ಹನಿಯೂ ಬೇಡ ಅಂದದ್ದು. ಆದರೆ ಗೊತ್ತಿಲ್ಲದೆ ಒಂದೆರಡು ಸಲ ಕುಡಿದು, ತಿಳಿದ ಕ್ಷಣ ನಿಲ್ಲಿಸಿದ ಸಾವಿರಾರು ತಾಯಂದಿರು ಆರೋಗ್ಯವಾದ ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋಗಿದ್ದಾರೆ. ಈ ರಾತ್ರಿ ಆ ಎರಡೂ ಮಾತನ್ನು ಒಟ್ಟಿಗೆ ಇಟ್ಟುಕೊಂಡು ಮಲಗು.

ಮಾಟುಂಗಾ ಅಜ್ಜಿ · ಗುರುವಾರ, ಬೆಳಿಗ್ಗೆ 6:30

ನಾನು ಸಂಸ್ಕೃತ ಕಲಿಸುತ್ತಿದ್ದವಳು, ಈಗ 78. ಮೊಮ್ಮಗಳು ಈ ಚರ್ಚೆ ಓದಿ ಹೇಳಿದಳು.

ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೇ ಅಧ್ಯಾಯದಲ್ಲಿ ಬಸುರಿ ದಿನವೂ ಮದ್ಯ ಕುಡಿದರೆ ಮಗುವಿಗೆ ಬಾಯಾರಿಕೆ ಹೆಚ್ಚು, ನೆನಪು ಕಡಿಮೆ, ಮನಸ್ಸು ನಿಲ್ಲುವುದಿಲ್ಲ ಅಂತ ಇದೆ. ಸದಾ ದುಃಖದಲ್ಲಿದ್ದರೆ ಮಗು ಅಂಜುಬುರುಕ, ಬಡಕಲು ಅಂತ ಇದೆ. ಇದನ್ನು ಪುರಾಣ ಪ್ರವಚನದಲ್ಲೆಲ್ಲ ಹೆಣ್ಣುಮಕ್ಕಳಿಗೆ ಹೇಳುತ್ತಾರೆ. ಆದರೆ ಅದೇ ಅಧ್ಯಾಯ ಶುರುವಾಗುವುದು ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿ. ಒಳ್ಳೆಯ ಸಂತಾನ ಬೇಕಿದ್ದರೆ ಹೆಣ್ಣಿನದು ಹೇಗೋ ಹಾಗೆ ಗಂಡಿನ ಶುಕ್ರವೂ ಕೆಟ್ಟಿರಬಾರದು ಅನ್ನುತ್ತದೆ. ಆ ಸಾಲನ್ನು ಗಂಡಸರಿಗೆ ಓದಿ ಹೇಳಿದ್ದನ್ನು ನಾನು ಕೇಳಿಲ್ಲ. ನಾನೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಡೊಂಬಿವಲಿ ಸೊಸೆ · ಮೂರು ವಾರದ ನಂತರ, ಸೋಮವಾರ, ಬೆಳಿಗ್ಗೆ 9:40

ಎಲ್ಲರಿಗೂ ಹೇಳಬೇಕಿತ್ತು, ತಡವಾಯಿತು.

ಆ ವಾರದ ರಜೆಯ ದಿನ ಈ ಪೂರ್ತಿ ಚರ್ಚೆ ಅವರಿಗೆ ಓದಿ ಹೇಳಿದೆ. ಇಲಿ, ಚೀನಾ, ಚರಕ ಯಾವುದಕ್ಕೂ ಏನೂ ಹೇಳಲಿಲ್ಲ. ಬೈನಾ ಕಾಕಾ ಮುಚ್ಚಳದ ಬಸ್ಸಿನ ಬಗ್ಗೆ ಬರೆದದ್ದು ಬಂದಾಗ ಎದ್ದು ಬಾಲ್ಕನಿಗೆ ಹೋದರು. ವಾಪಸ್ ಬಂದು ಕೇಳಿದರು, "ಎಷ್ಟು ದಿನ ಅಂದೆ? 74?"

ಬೆಳಿಗ್ಗೆ ಕೈ ನಡುಗುವುದಿಲ್ಲ. ಆದರೂ ನರ್ಸಕ್ಕ ಹೇಳಿದ ಹಾಗೆ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿದ್ದು. ಕಾಲನಿರ್ಣಯ ಕ್ಯಾಲೆಂಡರ್ ಈಗ ನಮ್ಮ ಕೋಣೆಯಲ್ಲಿದೆ. ಅವರೇ ಪೆನ್ನಿನಲ್ಲಿ ಎಣಿಸಿ ಮೂರು ತಿಂಗಳ ಆಚೆ ಒಂದು ದಿನಕ್ಕೆ ಸುತ್ತು ಹಾಕಿದರು. ಆರನೇ ದಿನ ರಾತ್ರಿ ಬಂದಾಗ ವಾಸನೆ ಇತ್ತು. ನಾನು ಏನೂ ಅನ್ನಲಿಲ್ಲ. ಬೆಳಿಗ್ಗೆ ನೋಡಿದರೆ ಹಳೆಯ ಸುತ್ತಿನ ಮೇಲೆ ಗೀಟು ಎಳೆದು ಆರು ದಿನ ಮುಂದೆ ಹೊಸದು ಹಾಕಿದ್ದರು. ಅಲ್ಲಿಂದ ಇವತ್ತಿಗೆ ಹದಿಮೂರು. ಶೆಟ್ರ ಹತ್ತಿರ ಮಾತಾಡಿ ವಾರಕ್ಕೆ ಎರಡು ದಿನ ಬೇಗ ಬಿಡುವ ಹಾಗೂ ಮಾಡಿಕೊಂಡಿದ್ದಾರೆ, ಸಂಬಳ ಸ್ವಲ್ಪ ಕಡಿಮೆ ಆಗುತ್ತದೆ. ಅತ್ತೆ ಎರಡು ಬಟ್ಟಲಲ್ಲಿ ಬಾದಾಮಿ ನೆನೆಸುತ್ತಿದ್ದಾರೆ.

ಕ್ಯಾಪ್ಟನ್ ಅಣ್ಣ, ನಿಮಗೊಂದು ಪ್ರಶ್ನೆ. ಲೆಕ್ಕ ಮುಗಿದ ಮೇಲೆ ಹುಡುಗರೆಲ್ಲ ಕೂತಾಗ ಇವರ ಕೈ ಮಾತ್ರ ಖಾಲಿ ಇರುತ್ತದಂತೆ. ಆ ಅರ್ಧ ಗಂಟೆಯೇ ಕಷ್ಟ ಅಂತಾರೆ. ಏನು ಮಾಡಬಹುದು?

ಅಂಧೇರಿ ಕ್ಯಾಪ್ಟನ್ · ಸೋಮವಾರ, ಸಂಜೆ 4:30

ಅಕ್ಕ, ಅದೇ ಗ್ಲಾಸಿನಲ್ಲಿ ಸೋಡಾ ಹಾಕಿ, ಅರ್ಧ ನಿಂಬೆ ಹಿಂಡಿ, ಉಪ್ಪು, ಐಸ್ ಜಾಸ್ತಿ. ಯಾರೂ ಕೇಳುವುದಿಲ್ಲ. ನಾನು ನಾಲ್ಕು ದಿನದಿಂದ ಅದನ್ನೇ ಕುಡಿಯುತ್ತಿದ್ದೇನೆ. ನಮ್ಮದೂ ದೀಪಾವಳಿ ಮುಗಿದ ಮೇಲೆ ಮದುವೆ ಇದೆ.